ತಿಂಗಳಿಗೊಮ್ಮೆ ಅಂತ ಯಾರು ಹೇಳಿದ್ರು? ಮೊದಲ ಐತವಾರದ ಕರ್ತನ ಭೋಜನದ ಹಿಂದಿನ ಕತಿ

ಶನಿವಾರ ಸಂಜಿಕ ನಮ್ಮ ಮನ್ಯಾಗ ಒಣದ್ರಾಕ್ಷಿ ಕುದಿಯಾಕ ಇಟ್ರು ಅಂದ್ರ ನಾಳೆ ತಿಂಗಳ ಮೊದಲ ಐತವಾರ, ಕ್ಯಾಲೆಂಡರ್ ನೋಡೋದೇನೂ ಬೇಕಾಗಂಗಿಲ್ಲ. ವಿಜಯಪುರ ಜಿಲ್ಲಾದಾಗ ದ್ರಾಕ್ಷಿಗೇನು ಬರ ಇಲ್ರಿ, ತಿಕೋಟಾ ಕಡಿಂದ ಯಾರಾರ ತಂದು ಕೊಡ್ತಾರ, ನಮ್ಮ ಅತ್ತಿ ಅದನ್ನ ನೆನಿ ಹಾಕಿ ಕುದಿಸಿ ಹಿಂಡಿ ಅರಬ್ಯಾಗ ಸೋಸಿ ಚೂರು ಸಕ್ರಿ ಹಾಕಿ ಬಾಟ್ಲಿ ತುಂಬ್ತಾರ. ಮರುದಿನ ಮುಂಜಾನೆ ಅದ ಬಾಟ್ಲಿ ಚರ್ಚಿನ ಮೇಜಿನ ಮ್ಯಾಲ ಹೋಗಿ ಕರ್ತನ ಭೋಜನದ ದ್ರಾಕ್ಷಾರಸ ಆಗ್ತೈತಿ. ಕರ್ತನ ಭೋಜನ ಅಂದ್ರ ಯೇಸುವಿನ ಕಡೀ ಊಟ ನೆನಸಿ ಸಭೆಯವರು ರೊಟ್ಟಿ, ದ್ರಾಕ್ಷಾರಸ ಹಂಚ್ಕೊಂಡು ತಗೊಳ್ಳೋದು. ಎಷ್ಟು ವರ್ಷದಿಂದ ಇದ ನಡದೈತೋ, ಯಾರೂ ಯಾಕ ಅಂತ ಕೇಳಿದ್ದಿಲ್ಲ.

ಈ ವರ್ಷ ಹೊಸದಾಗಿ ಬಂದ ಪಾಸ್ಟರ್ ಕಮಿಟಿ ಮೀಟಿಂಗಿನ್ಯಾಗ ಒಂದ ಮಾತು ಅಂದ್ರು, ಭೋಜನ ತಿಂಗಳಿಗೆ ಎರಡು ಸಲ ಮಾಡೋಣೇನು ಅಂತ. ಅಷ್ಟಕ್ಕ ಗದ್ದಲ ಎದ್ದು ಬಿಡ್ತು. ಹಿರಿಯರೊಬ್ರು "ನಮ್ಮ ಅಪ್ಪ ಅಜ್ಜನ ಕಾಲದಿಂದ ಮೊದಲ ಐತವಾರ, ಲೂಥರ್ ಕಾಲದಿಂದ ನಡ್ಕೊಂಡು ಬಂದೈತಿ, ನೀವ್ಯಾರು ಬದಲ ಮಾಡಾಕ" ಅಂದ್ರು, ಇನ್ನೊಬ್ರು "ದಿನಾ ಹೋಳಿಗಿ ಮಾಡಿದ್ರ ಹೋಳಿಗಿ ಬೆಲಿ ಹೋಗ್ತೈತ್ರಿ" ಅಂದ್ರು. ನಾನು ಮೂಲ್ಯಾಗ ಕುಂತು ಕೇಳಾಕತ್ತಿದ್ದೆ, ಆ ಲೂಥರ್ ಕಾಲದಿಂದ ಅನ್ನೋ ಮಾತು ತಲ್ಯಾಗ ಕುಂತ್ಬಿಡ್ತು. ಲೂಥರ್ ಅಂದ್ರ ಐನೂರು ವರ್ಷದ ಹಿಂದ ಜರ್ಮನಿಯೊಳಗ ರೋಮಿನ ಸಭೆ ವಿರುದ್ಧ ಸುಧಾರಣಿ ಎಬ್ಬಿಸಿದವರು, ಅವರ ದಾರಿಯ ಸಭೆಗಳಿಗೆ ಲೂಥರನ್ ಅಂತಾರ. ಮನಿಗೆ ಬಂದು ಹುಡುಕಿ ಓದಕೋತ ಹೋದೆ, ನೋಡಿದ್ರ ಕತಿನ ಉಲ್ಟಾ ಐತಿ.

ಮೊದಲು ಲೂಥರನ್ ಅನ್ನೋ ಮಾತೇ ನಮ್ಮೂರಿಗೆ ಹೆಂಗ ಬಂತು ಅಂತ ಹೇಳಬೇಕು, ಯಾಕಂದ್ರ ನಮ್ಮ ಬೋರ್ಡ್ ಮ್ಯಾಲ ಆ ಹೆಸರು ಎಲ್ಲೂ ಇಲ್ಲ, ಸಿಎಸ್‌ಐ ಅಂತ ಬರದಾರ, ಅಂದ್ರ ಚರ್ಚ್ ಆಫ್ ಸೌತ್ ಇಂಡಿಯಾ, ಬ್ಯಾರೆ ಬ್ಯಾರೆ ಪಂಗಡ ಕೂಡಿ ಆದ ಸಭೆ. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕ, ಅದಕ್ಕಿಂತ ಮೊದಲ ನಮ್ದು ಬಾಸೆಲ್ ಮಿಶನ್ ಸಭೆ. ಈ ಮಿಶನ್ ಹುಟ್ಟಿದ್ದು 1815ರಾಗ ಸ್ವಿಟ್ಜರ್ಲೆಂಡಿನ ಬಾಸೆಲ್ ಪ್ಯಾಟಿಯೊಳಗ. ಅವರು 1834ರಾಗ ಮಂಗಳೂರಿಗೆ ಬಂದ್ರು, ಅಲ್ಲಿಂದ ಘಟ್ಟ ಹತ್ತಿ 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ, 1841ಕ್ಕ ಗದಗಿನ ಬೆಟಗೇರಿ, 1851ಕ್ಕ ನೇಕಾರರ ಊರು ನಮ್ಮ ಗುಳೇದಗುಡ್ಡ, ಕಡೀಕ 1885ಕ್ಕ ವಿಜಯಪುರ. ಖಣ ನೇಯೋ ಮಗ್ಗದ ಸಪ್ಪಳದ ನಡುವ ಜರ್ಮನ್ ರಾಗದ ಕೀರ್ತನಿ ಕನ್ನಡದಾಗ ಕೇಳಿದ ಮೊದಲ ಊರು ನಮ್ಮ ಬಾಗಲಕೋಟಿ ಸೀಮ್ಯಾಗ ಗುಳೇದಗುಡ್ಡಾನ ಇರಬೇಕು.

ಬಾಸೆಲ್ ಊರು ಲೂಥರನ್ ಅಲ್ಲ, ರಿಫಾರ್ಮ್ಡ್, ಅಂದ್ರ ಸ್ವಿಟ್ಜರ್ಲೆಂಡಿನ ಸುಧಾರಕರ ದಾರಿಯದು. ಆದ್ರ ಅಲ್ಲಿಂದ ಇಲ್ಲಿಗೆ ಬಂದ ಮಿಶನರಿಗಳು ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮಿಯವರು, ಆ ಸೀಮಿ ಲೂಥರನ್. ಎರಡರ ನಡುವ ಏನು ಜಗಳ ಅಂದ್ರ 1529ರಾಗ ಮಾರ್ಬುರ್ಗ್ ಅನ್ನೋ ಊರಾಗ ಲೂಥರ್ ಮತ್ತ ಜ್ಯೂರಿಕ್ಕಿನ ಸುಧಾರಕ ಜ್ವಿಂಗ್ಲಿ ಎದುರು ಬದುರು ಕುಂತು ಇದ ಕರ್ತನ ಭೋಜನದ ಸಲುವಾಗಿ ವಾದ ಮಾಡಿದ್ರು. ಲೂಥರ್ ಮೇಜಿನ ಮ್ಯಾಲ ಸೀಮೆಸುಣ್ಣದಿಂದ "ಇದು ನನ್ನ ದೇಹ" ಅಂತ ಲ್ಯಾಟಿನ್ನಿನ್ಯಾಗ ಬರದಿಟ್ಟು, ಇದು ಅಂದ್ರ ಇದು, ಸೂಚನೆ ಗೀಚನೆ ಅಲ್ಲ ಅಂತ ಹಟ ಹಿಡದ್ರು, ಜ್ವಿಂಗ್ಲಿ ಇದು ನೆನಪಿನ ಗುರುತು ಅಂದ್ರು, ಕೂಡಲಿಲ್ಲ. ಆ ಇಬ್ಬರ ಮೊಮ್ಮಕ್ಕಳು ಮುನ್ನೂರು ವರ್ಷದ ಮ್ಯಾಲ ಒಂದ ಮಿಶನ್ ಕಟ್ಟಿ ನಮ್ಮ ಕಡಿ ಬಂದ್ರು. ಅದಕ್ಕ ನಮ್ಮ ಸಭೆಯೊಳಗ ಕಲಿಸಿದ್ದು ಬಹಳಷ್ಟು ಲೂಥರಂದು, ಆರಾಧನಿ ಮಾತ್ರ ಸಪ್ಪಗ, ಸಾದಾ. ವ್ಯೂರ್ಟೆಂಬರ್ಗಿನ್ಯಾಗ ಮೊದಲಿಂದಲೂ ಹಂಗ ಇತ್ತು, ಐತವಾರ ಅಂದ್ರ ಹಾಡು, ಪ್ರಾರ್ಥನಿ, ಉದ್ದಾನ ಪ್ರಸಂಗ, ಭೋಜನ ಬ್ಯಾರೆ, ವರ್ಷದಾಗ ಕೆಲವೇ ದಿನ.

ಈಗ ಲೆಕ್ಕಕ್ಕ ಬರೋಣ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಾಗ ತ್ರೋವ ಊರಿನ ವಿಶ್ವಾಸಿಗಳು ವಾರದ ಮೊದಲ ದಿನ ರೊಟ್ಟಿ ಮುರಿಯಾಕ ಕೂಡಿದ್ರು ಅಂತ ಐತಿ, ವಾರದ ಮೊದಲ ದಿನ, ತಿಂಗಳದಲ್ಲ. ಸುಮಾರು 150ರ ಹೊತ್ತಿಗೆ ರೋಮಿನ್ಯಾಗಿದ್ದ ಜಸ್ಟಿನ್ ಅನ್ನೋರು ಐತವಾರದ ಕೂಟ ಹೆಂಗ ನಡೀತೈತಿ ಅಂತ ಬರದದ್ದು ಉಳದೈತಿ, ಅದರಾಗೂ ಪ್ರತಿ ಐತವಾರ ರೊಟ್ಟಿ ದ್ರಾಕ್ಷಾರಸ ಬಂದೇ ಬರ್ತೈತಿ. ಮುಂದ ಸಾವಿರ ವರ್ಷದಾಗ ಏನಾತಂದ್ರ ಪಾದ್ರಿಗಳು ದಿನಾ ಪೂಜಿ ಮಾಡೋರು, ಮಂದಿ ದೂರದಿಂದ ನೋಡೋರು, ತಗೊಳ್ಳೋರು ಕಡಿಮಿ ಆದ್ರು. ಎಷ್ಟು ಕಡಿಮಿ ಅಂದ್ರ 1215ರಾಗ ರೋಮಿನ ದೊಡ್ಡ ಸಭೆಯೊಳಗ, ಕನಿಷ್ಠ ವರ್ಷಕ್ಕೊಮ್ಮೆ ಈಸ್ಟರಿಗಾದರೂ ತಗೊಳ್ರಪ್ಪಾ ಅಂತ ಕಾನೂನು ಮಾಡೋ ಪರಿಸ್ಥಿತಿ ಬಂತು. ಅದೂ ಬಹಳ ಕಡಿ ಬರೇ ರೊಟ್ಟಿ, ದ್ರಾಕ್ಷಾರಸದ ಬಟ್ಟಲ ಮಂದಿ ಕೈಗೆ ಕೊಡೋದು ನಿಲ್ಲಾಕತ್ತಿತ್ತು.

ಲೂಥರ್ ಬಟ್ಟಲ ತಿರುಗಿ ಕೊಟ್ರು. ಮತ್ತ ಅವರ ಸಭೆಗಳು ತಿಂಗಳಿಗೊಮ್ಮೆ ಮಾಡ್ತಿದ್ವೇನು ಅಂದ್ರ, ಇಲ್ಲ. 1530ರ ಜೂನ್ 25ಕ್ಕ ಚಕ್ರವರ್ತಿ ಮುಂದ ಓದಿದ ಔಗ್ಸ್‌ಬುರ್ಗ್ ಅರಿಕೆ ಐತಲ್ಲ, ಲೂಥರನ್ ಅನ್ನಿಸಿಕೊಳ್ಳೋ ಎಲ್ಲಾ ಸಭೆಗಳ ಬುನಾದಿ, ಅದರ 24ನೇ ಕಲಮು ನಮ್ಮಲ್ಲಿ ಪ್ರತಿ ಐತವಾರ, ಹಬ್ಬದ ದಿನ, ಕೇಳಿದೋರು ಇದ್ರ ಉಳಿದ ದಿನವೂ ಭೋಜನ ನಡೀತೈತಿ ಅನ್ನೋ ಅರ್ಥದಾಗ ಬರದೈತಿ. ವರ್ಷಕ್ಕ ನಾಕು ಸಲ ಅಂತ ಮಾಡಿದ್ದು ಯಾರು? ಜ್ವಿಂಗ್ಲಿ. 1525ರಾಗ ಜ್ಯೂರಿಕ್ಕಿನೊಳಗ ಈಸ್ಟರ್, ಪೆಂತೆಕೋಸ್ತ, ಶರತ್ಕಾಲದ ಒಂದು ದಿನ, ಕ್ರಿಸ್ಮಸ್, ಮುಗೀತು. ಜಿನೀವಾದ ಸುಧಾರಕ ಕಾಲ್ವಿನ್ ಪಾಪ ವಾರಕ್ಕೊಮ್ಮೆ ಬೇಕು ಅಂದ್ರು, ಅದು ಆಗಲ್ಲ ಅಂದ್ರ ತಿಂಗಳಿಗೊಮ್ಮೆ ಆದ್ರೂ ಮಾಡ್ರಿ ಅಂತ ಜಿನೀವಾ ಕೌನ್ಸಿಲಿಗೆ ಕೇಳಿಕೊಂಡ್ರು, ಅವರೂ ನಾಕಕ್ಕ ನಿಲ್ಲಿಸಿದ್ರು. ಅಂದ್ರ ನಮ್ಮ ಹಿರಿಯರು ಲೂಥರ್ ಹೆಸರಿನ್ಯಾಗ ಕಾಪಾಡಾಕತ್ತಿರೋ ಲೆಕ್ಕ ಲೂಥರಂದ ಅಲ್ಲ, ಹೋಲಿಸಿ ನೋಡಿದ್ರ ಕಾಲ್ವಿನ್ನಿಗೆ ಸಿಗದ ಹೋದ ರಾಜಿಗೆ ಹತ್ರ ಐತಿ. ಇದನ್ನ ನಾ ಮೀಟಿಂಗಿನ್ಯಾಗ ಹೇಳಿದ್ರ ಯಾರರ ಬೈದಾರು ಅಂತ ಸುಮ್ನಾದೆ, ಇಲ್ಲಿ ಬರೀತೀನಿ.

ಲೂಥರನ್ ಸೀಮಿಯೊಳಗ ವಾರದ್ದು ಹೆಂಗ ಕಡಿಮಿ ಆತು ಅನ್ನೋದ ಖರೇ ಕತಿ, ಅದರ ಬೇರು ಹೆದರಿಕಿಯೊಳಗ ಐತಿ. 1 ಕೊರಿಂಥ 11ನೇ ಅಧ್ಯಾಯದಾಗ ಪೌಲ, ಅಯೋಗ್ಯವಾಗಿ ತಿಂದು ಕುಡದೋರು ತಮಗ ತೀರ್ಪು ತಂದ್ಕೋತಾರ, ತನ್ನನ್ನ ಪರೀಕ್ಷೆ ಮಾಡ್ಕೊಂಡು ತಗೊಳ್ಳಿ ಅಂತಾನ. ಈ ವಚನ ನಮ್ಮ ಕಡಿ ಸಣ್ಣ ಹುಡುಗ್ರಿಗೂ ಬಾಯಿಪಾಠ. ಔಗ್ಸ್‌ಬುರ್ಗ್ ಅರಿಕೆಯ ಲೂಥರನ್ನರು ಇದರ ಸಲುವಾಗಿ, ತಗೊಳ್ಳೋ ಮೊದಲು ಪಾದ್ರಿ ಹತ್ರ ಬಂದು ಮಾತಾಡಿ ಪಾಪದ ಅರಿಕೆ ಮಾಡ್ಕೊಂಡು ಕ್ಷಮೆ ಕೇಳಿಸ್ಕೊಂಡು ಹೋಗ್ರಿ ಅಂತ ಇಟ್ಟಿದ್ರು. ಸಮಾಧಾನ ಕೊಡಾಕಂತ ಇಟ್ಟಿದ್ದು ಕಾಲ ಹೋದಂಗ ಪರೀಕ್ಷಾ ಆತು. 1675ರಿಂದ ಮುಂದ ಜರ್ಮನಿಯ ಲೂಥರನ್ ಪಾದ್ರಿ ಸ್ಪೇನರ್ ಎಬ್ಬಿಸಿದ ಪೈಟಿಸ್ಟ್ ಚಳವಳಿ ಮನಸ್ಸಿನ ಒಳಗಿನ ಭಕ್ತಿ, ಪಶ್ಚಾತ್ತಾಪದ ಕಡಿ ಮಂದಿನ್ನ ತಿರುಗಿಸ್ತು, ಅದರಿಂದ ಒಳ್ಳೇದು ಬಹಳ ಆಗೈತಿ, ಬಾಸೆಲ್ ಮಿಶನ್ ಹುಟ್ಟಿದ್ದ ಆ ಚಳವಳಿ ಹೊಟ್ಟ್ಯಾಗಿಂದ, ಅದು ಇರದಿದ್ರ ನಾ ಇದನ್ನ ಬರಿಯಾಕ ಇರ್ತಿದ್ದಿಲ್ಲ. ಆದ್ರ ನಾನು ಯೋಗ್ಯಳೋ ಅಲ್ಲೋ ಅಂತ ದಿನಾ ತನ್ನ ಎದಿ ತಾನ ಬಗದು ನೋಡ್ಕೊಳ್ಳೋ ಮಂದಿ ಮೇಜಿನ ಹತ್ರ ಹೋಗೋದು ಕಡಿಮಿ ಮಾಡ್ತಾರ, ಮಾಡಿದ್ರು.

ನಮ್ಮ ಅತ್ತಿನ್ನ ತಗೊಳ್ರಿ. ಅರವತ್ತು ದಾಟ್ಯಾವ. ತಿಂಗಳಾ ದ್ರಾಕ್ಷಿ ಕುದಿಸಿ ಕೊಡೋ ಆ ಹೆಣಮಗಳು ನಾಕೈದು ತಿಂಗಳಿಗೊಮ್ಮೆ ಮಾತ್ರ ತಾವು ತಗೋತಾರ, ಉಳಿದ ಸಲ ಬೆಂಚಿನ್ಯಾಗ ತಲಿ ಬಗ್ಗಿಸಿ ಕುಂತಿರ್ತಾರ. ಯಾಕ್ರಿ ಅತ್ತಿ ಅಂದ್ರ "ನೆಗೆಣ್ಣಿ ಜೋಡಿ ಮಾತು ಬಿಟ್ಟೀನಿ, ಹೆಂಗ ತಗೊಳ್ಳಿ" ಅಂತಾರ.

ಹುಡುಗ್ರು ಭೋಜನಕ್ಕ ಸೇರೋ ಮೊದಲ ವಿಶ್ವಾಸದ ಪಾಠ ಕಲಿಯೋ ಕನ್ಫರ್ಮೇಶನ್ ಕ್ಲಾಸಿನ ಕತಿನೂ ಇದಕ್ಕ ಜೋಡಿ ಐತಿ. 1528ರ ಹೊತ್ತಿಗೆ ಲೂಥರ್ ಸ್ಯಾಕ್ಸನಿ ಹಳ್ಳಿಗಳ ಸಭೆ ತಿರುಗಿ ನೋಡಿದ್ರು, ಮಂದಿಗೆ ಕರ್ತನ ಪ್ರಾರ್ಥನಿನೂ ಬರಂಗಿಲ್ಲ, ಎಷ್ಟೋ ಪಾದ್ರಿಗಳಿಗೂ ಕಲಿಸಾಕ ಬರಂಗಿಲ್ಲ. ತಲಿ ಕೆಟ್ಟು 1529ರಾಗ ಚಿಕ್ಕ ಪ್ರಶ್ನೋತ್ತರ ಬರದ್ರು, ಅದು ಪಾದ್ರಿಗಷ್ಟ ಅಲ್ಲ, ಮನಿ ಯಜಮಾನ ತನ್ನ ಮನಿಮಂದಿಗೆ ಕಲಿಸಲಿ ಅಂತ. ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನಿ, ದೀಕ್ಷಾಸ್ನಾನ, ಭೋಜನ, ಒಂದೊಂದಕ್ಕೂ ಮತ್ತ ಮತ್ತ ಅದ ಪ್ರಶ್ನೆ, ಇದರ ಅರ್ಥ ಏನು. ವ್ಯೂರ್ಟೆಂಬರ್ಗಿನ್ಯಾಗ ಬ್ರೆಂಜ್ ಅನ್ನೋರು ಬರದ ಇನ್ನೊಂದು ಪ್ರಶ್ನೋತ್ತರ ಇತ್ತು, ಎರಡೂ ಕೂಡಿಸಿ ಕಲಿಸ್ತಿದ್ರು, ಮುಂದ 1722ರ ಹೊತ್ತಿಗೆ ಅಲ್ಲಿ ಕನ್ಫರ್ಮೇಶನ್ ಪದ್ಧತಿ ಬಂತು, ಕಲ್ತು ಒಪ್ಪಿಸಿದ ಮ್ಯಾಲ ಭೋಜನಕ್ಕ ಬಾಗಲಾ ತೆರೀತು. ನಮ್ಮಲ್ಲಿ ಹುಡುಗ್ರು ದಶಾಜ್ಞೆ ತಪ್ಪಿದ್ರ ಇವತ್ತಿಗೂ ನಿದ್ದಿಗೆಡ್ತಾರಲ್ಲ, ಅದರ ಬೇರು ಅಲ್ಲಿ ಐತಿ.

ಅದ ಚಿಕ್ಕ ಪುಸ್ತಕದ ಮುನ್ನುಡಿಯೊಳಗ ಲೂಥರ್ ಪಾದ್ರಿಗಳಿಗೆ ಹೇಳೋದು ಓದಿ ನಾ ನಕ್ಕೆ. ಯಾರಿಗೂ ಒತ್ತಾಯ ಮಾಡಬ್ಯಾಡ್ರಿ, ದಿನ ಗೊತ್ತು ಮಾಡಿ ಕಾನೂನು ಹಾಕಬ್ಯಾಡ್ರಿ, ಆದ್ರ ವರ್ಷಕ್ಕ ಕನಿಷ್ಠ ನಾಕು ಸಲನೂ ಬೇಕು ಅನ್ಸದವರು ಅದನ್ನ ತಾತ್ಸಾರ ಮಾಡ್ಯಾರೇನೋ ಅಂತ ಚಿಂತಿ ಮಾಡಬೇಕು, ನೀವು ಅದರ ಲಾಭ ನಷ್ಟ ಸರಿ ತಿಳಿಸಿ ಹೇಳಿದ್ರ ಮಂದಿ ತಾವಾಗ ಓಡಿ ಬಂದು ಕೊಡ್ರಿ ಅಂತ ನಿಮಗ ಒತ್ತಾಯ ಮಾಡ್ತಾರ, ಇದು ಸಾರಾಂಶ. ಮತ್ತ ಒಳಗ, ಯೋಗ್ಯರು ಯಾರು ಅನ್ನೋ ಪ್ರಶ್ನೆಗೆ ಉಪವಾಸ ತಯಾರಿ ಎಲ್ಲಾ ಹೊರಗಿನ ಒಳ್ಳೆ ರೂಢಿ ಖರೇ, ಆದ್ರ "ನಿಮಗೋಸ್ಕರ" ಅನ್ನೋ ಮಾತನ್ನ ನಂಬಿದವನ ಯೋಗ್ಯ ಅಂತಾರ. ಅಷ್ಟ. ಅದಕ್ಕಿಂತ ಹೆಚ್ಚಿನ ಪರೀಕ್ಷಾ ಇಲ್ಲ.

ಇನ್ನ ಇಲ್ಲಿ ಬಂದ ಮ್ಯಾಲ ಒಂದು ದೊಡ್ಡ ಸಂಗತಿ ಕೂಡಿಕೊಂತು, ಜಾತಿ. ತಮಿಳು ಸೀಮಿಯೊಳಗ ಹಳೇ ಲೂಥರನ್ ಸಭೆಗಳು 1706ರಾಗ ತರಂಗಂಬಾಡಿಗೆ ಜರ್ಮನ್ ಮಿಶನರಿ ಜೀಗನ್‌ಬಾಲ್ಗ್ ಬಂದಾಗಿಂದ ಇದ್ವು, ಅವುಗಳೊಳಗ ಎಷ್ಟೋ ಕಡಿ ವೆಳ್ಳಾಳರು ಒಂದು ಕಡಿ, ಪರಯರು ಒಂದು ಕಡಿ ಕುಂಡ್ರೋರು, ಭೋಜನದಾಗೂ ಹಿಂದ ಮುಂದ. ಕಲ್ಕತ್ತಾ ಬಿಷಪ್ ವಿಲ್ಸನ್ 1833ರಾಗ ಇದು ನಡ್ಯಂಗಿಲ್ಲ ಅಂದಾಗ ದೊಡ್ಡ ರಾದ್ಧಾಂತ ಆತು, ಆಮ್ಯಾಲ ಬಂದ ಜರ್ಮನಿಯ ಲೂಥರನ್ ಲೈಪ್‌ಜಿಗ್ ಮಿಶನ್ ಸ್ವಲ್ಪ ಸಡಿಲ ಬಿಡ್ತು. ಬಾಸೆಲ್ ಮಿಶನ್ ಬಿಡಲಿಲ್ಲ, ಜಾತಿ ಬಿಟ್ಟ ಬರಬೇಕು, ಒಂದ ಬಟ್ಟಲದಾಗ ಕುಡಿಬೇಕು. ನಮ್ಮ ಸೀಮ್ಯಾಗ ನೀರಿನ ತಂಬಿಗಿ ಸೈತ ಮುಟ್ಟಿಸಿಕೊಳ್ಳದ ಕಾಲ ಅದು, ನೇಕಾರ್ರು, ಹೊಲಗೇರಿಯವರು, ಯಾರು ಯಾರೋ ಸಾಲಾಗಿ ಮೊಣಕಾಲೂರಿ ಒಂದ ಬಟ್ಟಲಕ್ಕ ತುಟಿ ಹಚ್ಚೋದು ಅಂದ್ರ ಪ್ರಸಂಗ ಸಾವಿರ ಕೇಳಿದ್ರೂ ಆಗದ ಕೆಲಸ ಒಂದು ಗುಟುಕಿನ್ಯಾಗ ಆಗೋದು. ಎಂಜಲ ಅನ್ನೋ ಮಾತು ನಮ್ಮ ಮಂದಿಗೆ ಎಷ್ಟು ಆಳ ಅಂತ ಗೊತ್ತಿದ್ದೋರಿಗೆ ಇದು ತಿಳೀತೈತಿ. ಆದ್ರ ಅದ ಕಾರಣಕ್ಕ ಶಿಸ್ತೂ ಬಿಗಿ ಆತು, ಕುಡದು ಬಿದ್ದೋನು, ಹಳೇ ಜಾತಿ ಪಂಕ್ತಿಗೆ ತಿರುಗಿ ಹೋಗಿ ಕುಂತೋನು, ಅವರಿಗೆಲ್ಲ ಶಿಕ್ಷೆ ಅಂದ್ರ ಭೋಜನದಿಂದ ಹೊರಗ. ಹಿಂಗಾಗಿ ಭೋಜನ ಅಂದ್ರ ಒಳಗಿನವರು ಯಾರು ಹೊರಗಿನವರು ಯಾರು ಅಂತ ತಿಂಗಳಾ ಹಾಕೋ ಹಾಜರಿ ಆಗಿಬಿಡ್ತು.

ತಿಂಗಳು ಯಾಕ, ವಾರ ಯಾಕಲ್ಲ ಅನ್ನೋದಕ್ಕ ಇನ್ನೊಂದು ಬರೇ ಸವಾರಿ ಕಾರಣ ಐತಿ ಅಂತ ನನ್ನ ಅಂದಾಜು. ಭೋಜನ ನಡಸಾಕ ಅಭಿಷೇಕ ಆದ ಪಾಸ್ಟರ್ ಬೇಕು, ಅವರು ಒಬ್ರು, ಸುತ್ತ ಹಳ್ಳಿ ಸಭೆ ಎಷ್ಟೋ, ಮೊದಲ ಕುದರಿ ಚಕ್ಕಡಿ, ಈಗ ಬೈಕ್. ಒಂದು ಸಭೆಗೆ ತಿಂಗಳಾ ಒಂದು ಸರ್ತಿ ಬಂದ್ರ ದೊಡ್ಡದು. ಉಳಿದ ಐತವಾರ ಉಪದೇಶಿ ನಡಸ್ತಾರ. ಮೊದಲ ವಾರ ಪಗಾರ ಆಗಿರ್ತೈತಿ, ತಿಂಗಳ ಕಾಣಿಕಿ ಕವರೂ ಅವತ್ತ ಬರ್ತಾವ, ಇದನ್ನ ಹೆಚ್ಚಿಗೆ ಬೆಳಸಂಗಿಲ್ಲ ನಾನು.

ಬೆಳಗಾವಿಯೊಳಗ ಕತಿ ಬ್ಯಾರೆ ದಾರಿಲೆ ಬಂದು ಅಲ್ಲೇ ಮುಟ್ಟೈತಿ. ಅಲ್ಲಿ ಬಾಸೆಲ್ಲಿನವರಲ್ಲ, 1820ರಿಂದ ಲಂಡನ್ ಮಿಶನ್, 1904ರಿಂದ ಅಮೆರಿಕದ ಮೆಥೊಡಿಸ್ಟರು. ಅಮೆರಿಕದಾಗ ಅವರ ಪಾದ್ರಿಗಳು ಕುದರಿ ಮ್ಯಾಲ ಊರೂರು ತಿರುಗಿ ಸಭೆ ನಡಸ್ತಿದ್ರು, ಅವರಿಗೂ ಭೋಜನ ಅಂದ್ರ ಪಾದ್ರಿ ಬಂದಾಗ. ಕುದಿಸಿದ ದ್ರಾಕ್ಷಿ ರಸನೂ ಅವರ ಕಾಣಿಕಿ, 1869ರಾಗ ವೆಲ್ಚ್ ಅನ್ನೋ ಮೆಥೊಡಿಸ್ಟ್ ಹಲ್ಲಿನ ಡಾಕ್ಟರ್ ಕುಡತದ ವಿರುದ್ಧ ಇದ್ದೋರು, ರಸ ಕಾಸಿ ಹುಳಿ ಬರದಂಗ ಬಾಟ್ಲಿ ತುಂಬೋದು ಕಂಡುಹಿಡದ್ರು. ನಮ್ಮ ಅತ್ತಿ ಅಡಗಿಮನ್ಯಾಗ ಮಾಡೋದು ಅದನ್ನ, ಹೆಸರು ಗೊತ್ತಿಲ್ಲ ಅಷ್ಟ.

ಮೊದಲ ಮಹಾಯುದ್ಧದಾಗ ಜರ್ಮನ್ ಮಿಶನರಿಗಳನ್ನ ಬ್ರಿಟಿಷರು ಹಿಡದು ಕ್ಯಾಂಪಿಗೆ ಹಾಕಿದ್ರು, ದೇಶ ಬಿಡಿಸಿದ್ರು, ಸಭೆ ನಮ್ಮ ಮಂದಿ ಕೈಗೆ ಬಂತು, ಮುಂದ ಸಿಎಸ್‌ಐ. ರೂಢಿ ಮಾತ್ರ ಹಂಗ ಉಳೀತು. ಜಗತ್ತಿನ ಬ್ಯಾರೆ ಕಡಿ ಗಾಳಿ ತಿರುಗೈತಿ, 1982ರಾಗ ಪೆರು ದೇಶದ ಲಿಮಾದಾಗ ಬಹಳಷ್ಟು ಪಂಗಡದವರು ಕೂಡಿ ಒಪ್ಪಿದ ಪತ್ರದಾಗ ಭೋಜನ ಕನಿಷ್ಠ ಪ್ರತಿ ಐತವಾರ ಆಗೋದು ಯೋಗ್ಯ ಅಂತ ಐತಿ, ಅಮೆರಿಕದ ಮಿಸೌರಿ ಸಿನೋಡಿನಂಥ ಕಟ್ಟಾ ಲೂಥರನ್ನರೂ 1995ರಾಗ ವಾರಕ್ಕೊಮ್ಮೆ ಮಾಡ್ರಿ ಅಂತ ತಮ್ಮ ಸಭೆಗಳಿಗೆ ಹುರಿದುಂಬಿಸಿದ್ರು. ನಮ್ಮಲ್ಲಿ ತಿಂಗಳಿಗೊಮ್ಮೆ ಹೊಸದಾಗಿ ಬಂದದ್ದು ಅಂದ್ರ ಒಂದನೇ ತಾರೀಖಿಗೆ ವಾಟ್ಸಪ್ಪಿನ್ಯಾಗ ಹೂವಿನ ಫೋಟೋ ಮ್ಯಾಲ ಬರೋ ವಾಗ್ದಾನ ವಚನ.

ನಮ್ಮ ಕಮಿಟಿ ಏನು ಮಾಡ್ತು ಅಂದ್ರ, ಈಸ್ಟರಿಗಿಂತ ಮೊದಲ ಬರೋ ತಪಸ್ಸು ಕಾಲದ ನಲವತ್ತು ದಿನ ಮೂರನೇ ಐತವಾರವೂ ಇಟ್ಟು ನೋಡೋಣ, ಆಮ್ಯಾಲ ಮಾತಾಡೋಣ ಅಂತ ಬರಕೊಂಡು ಎದ್ದ್ರು. ನಾ ಬಂದು ಅತ್ತಿಗೆ ಹೇಳಿದೆ, ನಿಮಗೋಸ್ಕರ ಅನ್ನೋ ಮಾತಿಂದೂ ಹೇಳಿದೆ, ನೆಗೆಣ್ಣಿ ಸುದ್ದಿ ಬಂದಾಗ ಮುಖಾ ಆ ಕಡಿ ತಿರುಗಿಸಿದ್ರು. ಸ್ವಲ್ಪ ಹೊತ್ತಿನ ಮ್ಯಾಲ ಡಬ್ಬಿ ತೆಗದು ನೋಡಿ, "ಹಂಗಾರ ದ್ರಾಕ್ಷಿ ಇನ್ನರ್ಧ ಕಿಲೋ ಹೆಚ್ಚಿಗಿ ಬೇಕಾಗ್ತೈತಲ್ಲ, ತಿಕೋಟಾದಾಗ ಹೇಳಿಡು" ಅಂದ್ರು.