ಹೀಪ್‌ನಲ್ಲಿ ಹೂಳು

ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ಕಂಪ್ಯೂಟರ್ ಕೆಲಸಕ್ಕೆಂದು ಆಗಾಗ ಹೋಗುತ್ತೇನೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲಾಗಿ ನಿಂತಿರುವಾಗಲೇ ಅಲ್ಲಿನ ಲೆಕ್ಕದ ಪ್ರೋಗ್ರಾಂ ಬೀಳುತ್ತಿತ್ತು. ಪರದೆ ಮೇಲೆ ಒಂದೇ ಸಾಲು: ‘ಔಟ್ ಆಫ್ ಮೆಮೊರಿ ಎರರ್: ಜಾವಾ ಹೀಪ್ ಸ್ಪೇಸ್’. ಅಂದರೆ ಪ್ರೋಗ್ರಾಂಗೆ ಮೆಮೊರಿ ಸಾಲುತ್ತಿಲ್ಲ.

“ಹೋದ ವಾರ ಎಂಟು ಜಿಬಿ ರ್‍ಯಾಮ್ ಹಾಕ್ಸೀವಲ್ರೀ, ಇನ್ನೇನ್ ಬೇಕಂತ್ರೀ ಇದಕ್ಕ?” ಎಂದರು ಗುಮಾಸ್ತರು.

ಅವರು ಕೇಳಿದ್ದು ಸರಿಯೇ. ಆದರೆ ರ್‍ಯಾಮ್ ಎಷ್ಟೇ ಇರಲಿ, ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಂ ತನಗೆ ಹಾಕಿದ ಮೆಮೊರಿಯ ಗೆರೆ ದಾಟುವುದಿಲ್ಲ. ಶುರುವಾಗುವಾಗಲೇ ಆ ಗೆರೆ ಗಟ್ಟಿಯಾಗಿರುತ್ತದೆ. ಇಲ್ಲಿ ಯಾರೋ ಯಾವತ್ತೋ 512 ಎಂಬಿ ಎಂದು ಬರೆದಿಟ್ಟಿದ್ದರು. ‘ಎಕ್ಸ್‌ಎಂಎಕ್ಸ್’ ಎಂಬ ಆಯ್ಕೆಯ ಮುಂದಿದ್ದ ಆ ಅಂಕಿಯನ್ನು 2 ಜಿಬಿ ಮಾಡಿದೆ. ಐದು ನಿಮಿಷದ ಕೆಲಸ.

ಈ ಗೆರೆ ಬಂದದ್ದು ಯಾಕೆ? ಹೀಪ್ ಅಂದರೆ ಪ್ರೋಗ್ರಾಂ ಓಡುವಾಗ ಡೇಟಾ ಇಟ್ಟುಕೊಳ್ಳುವ ಜಾಗ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಜಾಗ ಕೇಳುವುದು, ಕೆಲಸವಾದ ಮೇಲೆ ಬಿಟ್ಟುಕೊಡುವುದು ಎರಡೂ ಕೋಡ್ ಬರೆಯುವವರದೇ ಹೊಣೆ. ಬೇಡದ್ದನ್ನು ಯಂತ್ರವೇ ಗುಡಿಸಲಿ ಎಂದು 1959ರ ಹೊತ್ತಿಗೇ ಲಿಸ್ಪ್ ಭಾಷೆಗಾಗಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ದಾರಿ ಕಂಡುಕೊಂಡಿದ್ದರು. ಅದೇ ಗಾರ್ಬೇಜ್ ಕಲೆಕ್ಷನ್. 1996ರಲ್ಲಿ ಬಂದ ಜಾವಾ ಅದನ್ನು ಮಾಮೂಲಿ ಮಾಡಿತು. ಗುಡಿಸುವವರಿದ್ದಾರೆ ಅಂದರೆ ಮನೆಯವರು ಕಸ ಹಾಕುತ್ತಲೇ ಇರುತ್ತಾರೆ, ಅಲ್ವಾ? ಒಂದೇ ಪ್ರೋಗ್ರಾಂ ಇಡೀ ಯಂತ್ರವನ್ನು ನುಂಗದಿರಲಿ ಎಂದೇ ಗೆರೆ.

32 ಬಿಟ್ ಕಾಲದಲ್ಲಿ ಗೆರೆ ಏರಿಸುವುದಕ್ಕೂ ಗೋಡೆ ಅಡ್ಡವಿತ್ತು. ಮೆಮೊರಿಯ ಜಾಗಗಳಿಗೆ ಯಂತ್ರ ಕೊಡುವ ವಿಳಾಸಗಳೇ 4 ಜಿಬಿಗೆ ಮುಗಿಯುತ್ತಿದ್ದವು. ವಿಂಡೋಸ್ ಅದರಲ್ಲಿ ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ 2 ಜಿಬಿ ಬಿಡುತ್ತಿತ್ತು, ಹೀಪ್‌ಗೆ ಸಿಗುತ್ತಿದ್ದದ್ದು ಇನ್ನೂ ಕಮ್ಮಿ. 64 ಬಿಟ್ ಬಂದ ಮೇಲೆ ಆ ಗೋಡೆ ಹೋಯಿತು. ಈಗ ಅಂಕಿ ಕೊಡದಿದ್ದರೆ ಜಾವಾ ಸಾಮಾನ್ಯವಾಗಿ ರ್‍ಯಾಮಿನ ಕಾಲುಭಾಗವನ್ನು ಮಿತಿ ಮಾಡಿಕೊಳ್ಳುತ್ತದೆ. ಒಂದೇ ಯಂತ್ರದಲ್ಲಿ ಪ್ರೋಗ್ರಾಂಗಳಿಗೆ ಬೇರೆ ಬೇರೆ ಪಾಲು ಕೊಟ್ಟು ಓಡಿಸುವ ಕಂಟೇನರ್‌ಗಳ ಕಾಲದಲ್ಲಿ ಇದೇ ಕಾಲುಭಾಗ ಎಡವಟ್ಟು ಮಾಡಿತು. ಕಂಟೇನರ್‌ಗೆ ಕೊಟ್ಟದ್ದು 1 ಜಿಬಿ, ಜಾವಾ ನೋಡುತ್ತಿದ್ದದ್ದು ಇಡೀ ಯಂತ್ರದ 64 ಜಿಬಿ! 2018ರ ಜಾವಾ 10ರಲ್ಲಿ ಅದು ಸರಿಹೋಯಿತು.

ಆದರೆ ಮಿಲ್ಲಿನ ರೋಗ ಬೇರೆ. ಮೂರು ವಾರಕ್ಕೆ ಪ್ರೋಗ್ರಾಂ ಮತ್ತೆ ಬಿತ್ತು. ನನಗೆ ನೆನಪಾದದ್ದು ಮುನಿರಾಬಾದಿನ ಹತ್ತಿರದ ತುಂಗಭದ್ರಾ ಅಣೆಕಟ್ಟು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಹಿಡಿಯುವುದು ಸುಮಾರು 105. ಗೋಡೆ ಅಷ್ಟೇ ಎತ್ತರ ಇದೆ, ಕೆಳಗೆ ಹೂಳು ಕೂತಿದೆ. ಮೆಮೊರಿ ಲೀಕ್ ಕೂಡ ಹಾಗೇ. ಕೆಲಸ ಮುಗಿದ ಡೇಟಾದ ಹೆಸರು ಯಾವುದೋ ಪಟ್ಟಿಯಲ್ಲಿ ಉಳಿದಿರುತ್ತದೆ. ಗುಡಿಸುವವನು ಅದನ್ನು ಮುಟ್ಟುವುದಿಲ್ಲ, ಯಾರಿಗೋ ಬೇಕಿರಬಹುದು ಅಂತ. ಅಂಥ ಹೀಪ್‌ಗೆ ಜಾಗ ಜಾಸ್ತಿ ಕೊಟ್ಟರೆ ಬೀಳುವ ದಿನ ಮುಂದೆ ಹೋಗುತ್ತದೆ, ಅಷ್ಟೇ.

ಪ್ರೋಗ್ರಾಂ ಬೀಳುವ ಗಳಿಗೆಯಲ್ಲಿ ಹೀಪ್‌ನ ನಕಲು ಫೈಲಿಗೆ ಇಳಿಯುವಂತೆ ಮಾಡಿಟ್ಟೆ. ಹೀಪ್ ಡಂಪ್ ಅನ್ನುವುದು ಇದಕ್ಕೇ. ತೆರೆದು ನೋಡಿದರೆ ಸುಗ್ಗಿ ಶುರುವಾದಾಗಿನಿಂದ ತೂಗಿದ ಪ್ರತಿ ಲಾರಿಯ ಚೀಟಿಯೂ ಒಂದೇ ಪಟ್ಟಿಯಲ್ಲಿ ಬಿದ್ದಿತ್ತು. ಬಿಲ್ಲಾದ ಮೇಲೂ ಯಾರೂ ತೆಗೆದಿರಲಿಲ್ಲ. ಬಿಲ್ಲಾದ ಚೀಟಿಯನ್ನು ಪಟ್ಟಿಯಿಂದ ತೆಗೆಯುವ ಎರಡು ಸಾಲು ಕೋಡ್ ಸೇರಿಸಿದೆ.

ಆಮೇಲೆ ಅಂಕಿಯನ್ನು ಮತ್ತೆ 512ಕ್ಕೇ ಇಳಿಸಿದೆ. ಸುಗ್ಗಿ ಮುಗಿಯುವವರೆಗೂ ಬೀಳಲಿಲ್ಲ. ಹೊಸ ರ್‍ಯಾಮ್ ಸುಮ್ನೆ ಕೂತಿದೆ ಅಂತ ಗುಮಾಸ್ತರಿಗೆ ಇನ್ನೂ ಹೇಳಿಲ್ಲ.