ಕಂಪ್ಯೂಟರಲ್ಲಿ ಸ್ಟಾಕ್ ಇದೆ, ರ‍್ಯಾಕ್ ಮಾತ್ರ ಖಾಲಿ

2004ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಸೇನ್ಸ್‌ಬರೀಸ್ ಒಟ್ಟಿಗೆ ಎರಡು ಸುದ್ದಿ ಕೊಟ್ಟಿತು. ಒಂದು, ಕಂಪ್ಯೂಟರ್ ವ್ಯವಸ್ಥೆಗೂ ಯಂತ್ರಗಳಿಂದಲೇ ನಡೆಯಬೇಕಿದ್ದ ಗೋದಾಮುಗಳಿಗೂ ಸುರಿದ ದುಡ್ಡಿನಲ್ಲಿ 26 ಕೋಟಿ ಪೌಂಡ್ ನಷ್ಟ ಅಂತ ಲೆಕ್ಕಕ್ಕೆ ಬರೆದದ್ದು. ಇನ್ನೊಂದು, ಅಂಗಡಿಗಳಿಗೆ ಹೊಸದಾಗಿ 3,000 ಜನರನ್ನು ತೆಗೆದುಕೊಳ್ಳುವುದು. ಗೋದಾಮಿನಲ್ಲಿ ಮಾಲು ಇತ್ತು, ರ‍್ಯಾಕಿಗೆ ಬರುತ್ತಿರಲಿಲ್ಲ. ಅದನ್ನು ತಂದು ಜೋಡಿಸಲು ಕೊನೆಗೆ ಮನುಷ್ಯರೇ ಬೇಕಾದರು.

ತಮಾಷೆ ಅಂದರೆ, ಯಾವ ಮಾಲನ್ನು ಯಾವಾಗ, ಎಷ್ಟು ತರಿಸಬೇಕು ಅಂತ ಕಂಪ್ಯೂಟರೇ ತೀರ್ಮಾನಿಸುವ ಇಂಥ ವ್ಯವಸ್ಥೆಯ ಹಿಂದಿನ ಲೆಕ್ಕ ಬಹಳ ಹಳೆಯದು. ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಕಮ್ಮಿ ಅನ್ನೋದಕ್ಕೆ ಫೋರ್ಡ್ ಹ್ಯಾರಿಸ್ ಎಂಬ ಅಮೆರಿಕದ ಎಂಜಿನಿಯರ್ 1913ರಲ್ಲೇ ಸೂತ್ರ ಬರೆದಿದ್ದರು. ಯಾವಾಗ ತರಿಸಬೇಕು ಅನ್ನೋದು ಇನ್ನೂ ಸುಲಭ. ತೊಗರಿಬೇಳೆ ದಿನಕ್ಕೆ 20 ಪ್ಯಾಕೆಟ್ ಹೋಗುತ್ತೆ, ಆರ್ಡರ್ ಹಾಕಿದ ಮೇಲೆ ಮಾಲು ಬರೋಕೆ 3 ದಿನ ಬೇಕು, ಅಕಸ್ಮಾತ್ ತಡವಾದರೆ ಅಂತ 15 ಹೆಚ್ಚಿಗೆ ಇರಲಿ ಅಂದುಕೊಳ್ಳಿ. ಹಾಗಾದರೆ ಸ್ಟಾಕ್ 75ಕ್ಕೆ ಇಳಿದ ತಕ್ಷಣ ಆರ್ಡರ್ ಹೋಗಬೇಕು. ಇಷ್ಟೇ. ಅನುಭವ ಇರುವ ಕಿರಾಣಿ ಅಂಗಡಿಯವರು ಇದನ್ನು ಪೆನ್ನು ಹಿಡಿಯದೆ ಮಾಡುತ್ತಾರೆ.

ಆದರೆ ಸಾವಿರಾರು ಐಟಂ ಇದ್ದರೆ, ಇವತ್ತು ಯಾವುದು ಎಷ್ಟು ಹೋಯಿತು ಅಂತ ಹೇಳುವವರು ಯಾರು? 1974ರ ಜೂನ್ 26ರಂದು ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕು ಬಾರ್‌ಕೋಡ್ ಸ್ಕ್ಯಾನರ್ ಮೇಲೆ ಹಾದುಹೋಯಿತು. ಆವತ್ತಿನಿಂದ ಬಿಲ್ಲಿಂಗ್ ಕೌಂಟರೇ ಲೆಕ್ಕ ಬರೆಯುವ ದಾರಿ ತೆರೆಯಿತು. 80ರ ದಶಕದ ಕೊನೆಗೆ ವಾಲ್‌ಮಾರ್ಟ್ ತನ್ನ ಅಂಗಡಿಗಳನ್ನು ಉಪಗ್ರಹದ ಮೂಲಕ ಜೋಡಿಸಿತ್ತು. ಡೈಪರ್ ತಯಾರಿಸುವ ಪಿ ಅಂಡ್ ಜಿ (ಪ್ರಾಕ್ಟರ್ ಅಂಡ್ ಗ್ಯಾಂಬಲ್) ಕಂಪನಿಯಂತೂ ವಾಲ್‌ಮಾರ್ಟಿನ ಸ್ಟಾಕನ್ನು ತಾನೇ ನೋಡಿಕೊಂಡು ಡೈಪರ್ ಕಳಿಸುವ ಹಂತಕ್ಕೆ ಬಂತು.

ತೊಡಕು ಶುರುವಾಗೋದು ಇಲ್ಲೇ. ಗ್ರಾಹಕ ಮೂರು ಬೇರೆ ಬೇರೆ ರುಚಿಯ ಬಿಸ್ಕತ್ತು ತಂದಿಡುತ್ತಾನೆ. ಬೆಲೆ ಒಂದೇ ಅಲ್ವಾ ಅಂತ ಕ್ಯಾಷಿಯರ್ ಒಂದನ್ನೇ ಮೂರು ಸಲ ಸ್ಕ್ಯಾನ್ ಮಾಡುತ್ತಾನೆ. ಬಿಲ್ಲು ಸರಿ, ಸ್ಟಾಕು ತಪ್ಪು. ಒಂದು ಪ್ಯಾಕೆಟ್ಟನ್ನು ಇಲಿ ಕಚ್ಚಿತು, ಇನ್ನೊಂದನ್ನು ಯಾರೋ ಎತ್ತಿಕೊಂಡು ಹೋದರು. ಕಂಪ್ಯೂಟರಲ್ಲಿ 6, ರ‍್ಯಾಕಿನಲ್ಲಿ ಸೊನ್ನೆ. ಆರು ಇದೆಯಲ್ಲ ಅಂತ ಅದು ಆರ್ಡರ್ ಹಾಕೋದಿಲ್ಲ. ಮಾಲಿಲ್ಲದ ಮೇಲೆ ಮಾರಾಟ ಎಲ್ಲಿಂದ ಬರಬೇಕು? ಈ ಬಿಸ್ಕತ್ತನ್ನು ಯಾರೂ ಕೇಳುತ್ತಿಲ್ಲ ಅಂತ ಅದು ಇನ್ನೂ ಸುಮ್ನಾಗುತ್ತದೆ. ಯಾರಾದರೂ ಹೋಗಿ ಕೈಯಾರೆ ಎಣಿಸಿ ತಿದ್ದುವವರೆಗೂ ಆ ಜಾಗ ಖಾಲಿಯೇ.

ಇದು ಅಪರೂಪದ ತಪ್ಪು ಅಂದುಕೊಳ್ಳಬೇಡಿ. ಅಮೆರಿಕದ ಒಂದು ಚಿಲ್ಲರೆ ಮಾರಾಟ ಕಂಪನಿಯ 37 ಅಂಗಡಿಗಳಲ್ಲಿ ಸುಮಾರು 3.7 ಲಕ್ಷ ಸ್ಟಾಕ್ ದಾಖಲೆಗಳನ್ನು ಎಣಿಸಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ 65ರಷ್ಟು ದಾಖಲೆಗಳು ತಾಳೆಯಾಗಲಿಲ್ಲ. ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವ ಮೊದಲು ಎಣಿಸುವವರಿಗೆ ಸಂಬಳ ಎತ್ತಿಡೋದು ಜಾಣತನ ಅಂತ ನನ್ನ ಲೆಕ್ಕ. ಏನೂ ಮಾರಾಟವಾಗದೆ ಕೂತ ಐಟಂಗಳ ಪಟ್ಟಿಯನ್ನು ದಿನಾ ತೆಗೆದು, ಅವನ್ನಷ್ಟೇ ಎಣಿಸಿದರೂ ಇಂಥ ಸುಳ್ಳು ಸ್ಟಾಕು ಎಷ್ಟೋ ಸಿಕ್ಕಿಬೀಳುತ್ತದೆ.

ನಮ್ಮಲ್ಲಿ ಇದಕ್ಕೆ ಹಬ್ಬದ ತಲೆನೋವೂ ಸೇರುತ್ತದೆ. 'ಹೋದ ವರ್ಷ ಇದೇ ವಾರ ಎಷ್ಟು ಹೋಗಿತ್ತು' ಅಂತ ನೋಡುವ ಪ್ರೋಗ್ರಾಮಿಗೆ ಕ್ರಿಸ್‌ಮಸ್ ಸಲೀಸು. ಗಣೇಶನ ಹಬ್ಬ ಹಾಗಲ್ಲ. 2024ರಲ್ಲಿ ಅದು ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ತಾರೀಖನ್ನು ನಂಬಿದರೆ ಕಡುಬಿನ ಬೆಲ್ಲ ಹಬ್ಬ ಮುಗಿದ ಮೇಲೆ ಗೋದಾಮಿಗೆ ಬಂದು ಬೀಳುತ್ತದೆ. ಅದಕ್ಕೇ ಪ್ಲಾನಿಂಗ್ ವಿಭಾಗದವರು ಪಂಚಾಂಗ ನೋಡಿ, ಯುಗಾದಿ ಕರ್ನಾಟಕದ ಅಂಗಡಿಗೆ, ವಿಷು ಕೇರಳದ್ದಕ್ಕೆ ಅಂತ ಒಂದೊಂದನ್ನೂ ಮೊದಲೇ ತುಂಬಿಸಿಡಬೇಕು.