ದೋಣಿ ನಡೆಸಲು ಬರುವುದಿಲ್ಲ, ನಹಾನಿ ನೋಡಬಹುದಾ?

ಪ್ರಶ್ನೆ: ನಾವು ಎಡ್ಮಂಟನ್‌ನಲ್ಲಿದ್ದೇವೆ. ಈ ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಬ್ಯಾನ್ಫ್, ಜಾಸ್ಪರ್ ಎಲ್ಲ ಹೋದ ಸಲವೇ ಆಗಿದೆ. ಉತ್ತರ ಕೆನಡಾದ ನಹಾನಿ ನದಿ, ಅಲ್ಲಿನ ಮೂಲನಿವಾಸಿ ಡೆನೆ ಜನರ ಬದುಕು ನೋಡುವ ಆಸೆ ಇದೆ. ಆದರೆ ನಮ್ಮಲ್ಲಿ ಯಾರಿಗೂ ಹುಟ್ಟು ಹಿಡಿದು ಗೊತ್ತಿಲ್ಲ. ಹೋಗಬಹುದಾ, ಇಲ್ಲ ಸುಮ್ನೆ ದುಡ್ಡು ದಂಡವಾ?

ಹೋಗಬಹುದು. ಅಪ್ಪ ಅಮ್ಮನಿಗೆ ಸ್ವಲ್ಪ ದೂರ ನಡೆಯಲು, ಪುಟ್ಟ ವಿಮಾನ ಹತ್ತಿ ಇಳಿಯಲು ಆದರೆ ಸಾಕು. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ, ಯಾಕೆಂದರೆ ನಹಾನಿ ಅಂತ ಹುಡುಕಿದರೆ ಮೊದಲು ಕಾಣುವುದೇ ಕೆಂಪು ದೋಣಿ, ಲೈಫ್ ಜಾಕೆಟ್, ಗಡ್ಡ ಬಿಟ್ಟ ಸಾಹಸಿಗಳ ಫೋಟೋ. ಅವರು ಅಲ್ಲಿನ ದೊಡ್ಡ ಜಲಪಾತದ ಬುಡದಿಂದ ನದಿಗುಂಟ ವಾರ, ಹತ್ತು ದಿನ, ಕೆಲವರು ಇನ್ನೂ ಜಾಸ್ತಿ ದಿನ ಇಳಿಯುತ್ತಾರೆ. ನಿಮಗೆ ಅದು ಬೇಡ. ನಿಮಗೆ ಬೇಕಿರುವುದು ಫೋರ್ಟ್ ಸಿಂಪ್ಸನ್ ಎಂಬ ಊರಲ್ಲಿ ನಾಲ್ಕೈದು ದಿನ, ಅದರಲ್ಲಿ ಒಂದು ದಿನ ಫ್ಲೋಟ್ ಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. ಎಲ್ಲರೂ ಈ ಊರನ್ನು ವಿಮಾನ ಹತ್ತುವ ಜಾಗ ಅಂತಷ್ಟೇ ನೋಡಿ ಹೊರಟುಬಿಡುತ್ತಾರೆ. ನನ್ನ ಮಟ್ಟಿಗೆ ಪ್ರವಾಸದ ಅರ್ಧ ಇರುವುದೇ ಊರಲ್ಲಿ.

ಊರಿನ ಡೆನೆ ಹೆಸರು ಲಿಡ್ಲಿ ಕುಏ, ಅಂದರೆ ನದಿಗಳು ಸೇರುವ ಜಾಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೂಡಲಿ, ಅಷ್ಟೇ. ಲಿಯರ್ಡ್ ನದಿ ಬಂದು ಮೆಕೆಂಜಿಯನ್ನು ಕೂಡುತ್ತದೆ. ಲಿಯರ್ಡ್ ಬೆಟ್ಟಗಳ ಮಣ್ಣು ಹೊತ್ತು ಕೆಂಚಗೆ ಬರುತ್ತದೆ. ಮೆಕೆಂಜಿ ದೊಡ್ಡ ಸರೋವರದಿಂದ ಹೊರಟದ್ದು, ಹಾಗಾಗಿ ತಿಳಿ. ಎರಡೂ ಸೇರಿದ ಮೇಲೂ ಬೇಗ ಬೆರೆಯುವುದಿಲ್ಲ, ಒಂದೇ ಪಾತ್ರದಲ್ಲಿ ಎರಡು ಬಣ್ಣ ಅಕ್ಕಪಕ್ಕ ತುಂಬಾ ದೂರ ಹರಿಯುತ್ತವೆ. ನದಿದಂಡೆಯಲ್ಲಿ ಕೂತು ಇದನ್ನು ನೋಡಲು ಟಿಕೆಟ್ ಇಲ್ಲ.

ಮೆಕೆಂಜಿ ಎಂಬುದು 1789ರಲ್ಲಿ ಈ ನದಿಗುಂಟ ಹೋದ ವ್ಯಾಪಾರಿಯ ಹೆಸರು. ಡೆನೆ ಜನರಿಗೆ ಅದು ಡೆ ಚೋ. ಡೆ ಅಂದರೆ ಹೊಳೆ, ಚೋ ಅಂದರೆ ದೊಡ್ಡದು. ದೊಡ್ಡ ಹೊಳೆ! ಈ 'ಚೋ' ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಸಿಗುತ್ತದೆ.

ಇನ್ನು ಹೋಗುವುದು ಹೇಗೆ. ಎಡ್ಮಂಟನ್‌ನಿಂದ ಕಾರಲ್ಲಿ ಸುಮಾರು 1,400 ಕಿಲೋಮೀಟರ್. ನೀವಿಬ್ಬರೇ ಆದರೆ ಎರಡು ದಿನ, ಹಿರಿಯರಿದ್ದರೆ ಮೂರು ದಿನ ಇಟ್ಟುಕೊಳ್ಳಿ. ಅಲ್ಬರ್ಟಾ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಹೇ ನದಿಯ ಅಲೆಕ್ಸಾಂಡ್ರಾ ಜಲಪಾತ ರಸ್ತೆ ಪಕ್ಕದಲ್ಲೇ ಸಿಗುತ್ತದೆ, ಮುಂದೆ ಸಾಂಬಾ ಡೆ ಎಂಬ ಇನ್ನೊಂದು ಜಲಪಾತ. ಎರಡೂ ಕಡೆ ಕಾಲು ಚಾಚಿ ಕೂತು ಬುತ್ತಿ ಬಿಚ್ಚಬಹುದು. ಆಮೇಲೆ ಬಹಳ ದೂರ ಜಲ್ಲಿ ರಸ್ತೆ, ಫೋನ್ ಸಿಗ್ನಲ್ ಇಲ್ಲ. ಸಿಕ್ಕಿದ ಪಂಪಲ್ಲೆಲ್ಲ ಟ್ಯಾಂಕ್ ತುಂಬಿಸಿ, 'ಅರ್ಧ ಇದೆಯಲ್ಲ, ಮುಂದೆ ನೋಡೋಣ' ಅನ್ನುವ ನಮ್ಮ ಬುದ್ಧಿ ಅಲ್ಲಿ ನಡೆಯುವುದಿಲ್ಲ. ಸ್ಟೆಪ್ನಿ ಸರಿ ಇದೆಯಾ ನೋಡಿಕೊಳ್ಳಿ. ಕಾಡುಕೋಣದಂಥ ಬೈಸನ್‌ಗಳು ರಸ್ತೆಯಲ್ಲೇ ನಿಂತಿರಬಹುದು. ಹಾರ್ನ್ ಹೊಡೆಯಬೇಡಿ, ಕಾಯಿರಿ.

ಊರು ಇನ್ನೇನು ಬಂತು ಅನ್ನುವಾಗ ಲಿಯರ್ಡ್ ನದಿ ಅಡ್ಡ ಬರುತ್ತದೆ, ಸೇತುವೆ ಇಲ್ಲ. ಬೇಸಿಗೆಯಲ್ಲಿ ಫೆರ್ರಿ, ಕಾರು ಸಮೇತ ದಾಟಿಸುತ್ತದೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿ ಅದರ ಮೇಲೇ ರಸ್ತೆ. ನಡುವೆ ಮಂಜುಗಡ್ಡೆ ಕಟ್ಟುವ, ಒಡೆಯುವ ವಾರಗಳಲ್ಲಿ ಎರಡೂ ಇಲ್ಲ, ಗಾಡಿಯಲ್ಲಿ ದಾಟುವ ಮಾತೇ ಇಲ್ಲ. 2021ರ ಮೇ ತಿಂಗಳಲ್ಲಿ ಹೀಗೇ ಮಂಜು ಒಡೆದು ಅಡ್ಡಗಟ್ಟಿ ಊರಿಗೇ ನೀರು ನುಗ್ಗಿತ್ತು. ನೀವು ಜೂನ್ ಮಧ್ಯದಿಂದ ಆಗಸ್ಟ್ ಕೊನೆಯೊಳಗೆ ಹೋಗುವವರು, ಆದರೂ ಹೊರಡುವ ದಿನ ಫೆರ್ರಿ ಹೊತ್ತು ನೋಡಿಕೊಂಡೇ ಹೊರಡಿ. ಅಷ್ಟು ಕಾರು ಓಡಿಸಲು ಆಗದಿದ್ದರೆ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲ್ಲೋನೈಫ್‌ವರೆಗೆ ವಿಮಾನ, ಅಲ್ಲಿಂದ ಇನ್ನೊಂದು ಸಣ್ಣ ವಿಮಾನ. ಟಿಕೆಟ್ ಜಾಸ್ತಿ, ಬೆನ್ನು ನೋವು ಕಡಿಮೆ.

ಈಗ ನಹಾನಿ. ನದಿ ಸುತ್ತಲಿನ ಜಾಗ ನ್ಯಾಷನಲ್ ಪಾರ್ಕ್, ಅಲ್ಲಿಗೆ ರಸ್ತೆಯೇ ಇಲ್ಲ. ಫೋರ್ಟ್ ಸಿಂಪ್ಸನ್‌ನಿಂದ ಫ್ಲೋಟ್ ಪ್ಲೇನ್ ನಿಮ್ಮನ್ನು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಜಲಪಾತದ ಮೇಲ್ಗಡೆ, ನದಿಯ ಮೇಲೇ ಇಳಿಸುತ್ತದೆ. ಅಲ್ಲಿಂದ ಹಲಗೆ ಹಾಸಿದ ದಾರಿ ಇದೆ, ನಡೆದು ಹೋಗಿ ನೋಡಬಹುದು. ಜಲಪಾತದ ಹೆಸರು ನಾಇಲಿಚೋ, ದೊಡ್ಡದಾಗಿ ಬೀಳುವ ನೀರು. ನೋಡಿ, ಚೋ ಬಂತು. ನಕ್ಷೆಯಲ್ಲಿ ವರ್ಜೀನಿಯಾ ಫಾಲ್ಸ್ ಅಂತಲೂ ಇದೆ. 1928ರಲ್ಲಿ ಫೆನ್ಲಿ ಹಂಟರ್ ಎಂಬ ಅಮೆರಿಕದವನು ಬಂದು ಎತ್ತರ ಅಳೆದು ಮಗಳ ಹೆಸರಿಟ್ಟು ಹೋದ. ಅಳೆದವನಿಗೆ ಹೆಸರಿಡುವ ಹಕ್ಕು ಯಾರು ಕೊಟ್ಟರು ಅಂತ ಕೇಳಬೇಡಿ, ಆಗೆಲ್ಲ ಹಾಗೇ ನಡೆಯುತ್ತಿತ್ತು.

ಎತ್ತರ ಸುಮಾರು 96 ಮೀಟರ್, ನಯಾಗರದ ಹತ್ತಿರ ಹತ್ತಿರ ಎರಡರಷ್ಟು. ಅಪ್ಪ ತಕ್ಷಣ 'ನಮ್ಮ ಜೋಗ 253 ಮೀಟರ್ ಇದೆಯಲ್ಲೋ' ಅನ್ನುತ್ತಾರೆ. ನಿಜ. ಆದರೆ ಇಲ್ಲಿ ಇಡೀ ನದಿ ಬೀಳುತ್ತದೆ, ಬೇಸಿಗೆಯಲ್ಲೂ ತುಂಬಿಕೊಂಡೇ ಬೀಳುತ್ತದೆ, ಮೇಲೆ ಅಣೆಕಟ್ಟಿಲ್ಲ, ಯಾರೂ ಸ್ವಿಚ್ ಒತ್ತಿ ನೀರು ಬಿಡುವುದಿಲ್ಲ. ಮಧ್ಯದಲ್ಲಿ ಒಂದು ದೊಡ್ಡ ಬಂಡೆ ಗೋಪುರದ ಹಾಗೆ ನಿಂತು ನೀರನ್ನು ಸೀಳುತ್ತದೆ. ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಕೆಳಗೆ ನಾಲ್ಕು ಕಣಿವೆಗಳಿವೆ. ದೋಣಿಯವರು ಹೋಗುವುದು ಅದರೊಳಗೆ, ನೀವು ನೋಡುವುದು ವಿಮಾನದ ಕಿಟಕಿಯಿಂದ. ಕಣಿವೆಗಳ ಲೆಕ್ಕ ತಲೆಕೆಳಗು, ಮೇಲಿಂದ ಬರುವವರಿಗೆ ಮೊದಲು ಸಿಗುವುದು ನಾಲ್ಕನೆಯದು. ಹೆಸರಿಟ್ಟವರು ಕೆಳಗಿನಿಂದ ಮೇಲಕ್ಕೆ ಬಂದವರು, ಅದಕ್ಕೆ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಅಗ್ಗ ಅಲ್ಲ. ಸಾಮಾನ್ಯವಾಗಿ ಇಡೀ ವಿಮಾನಕ್ಕೆ ಬಾಡಿಗೆ, ಒಂದೊಂದು ಸೀಟಿಗಲ್ಲ. ನೀವು ನಾಲ್ಕು ಜನ ಇರುವುದು ಈಗ ಲಾಭವೇ. ಇಬ್ಬರೇ ಹೋಗುವವರು ಸೀಟು ಹಂಚಿಕೊಳ್ಳಲು ಜೊತೆಯವರನ್ನು ಹುಡುಕಬೇಕು, ವಿಮಾನದವರಿಗೆ ಮೊದಲೇ ಹೇಳಿಟ್ಟರೆ ಕೆಲವೊಮ್ಮೆ ಅವರೇ ಹೊಂದಿಸುತ್ತಾರೆ. ಪಾರ್ಕಿನ ಶುಲ್ಕ ಬೇರೆ.

ನಾಲ್ಕೈದು ದಿನ ಅಂದದ್ದು ಯಾಕೆ ಗೊತ್ತಾ? ಹವಾಮಾನ. 1984ರ ಸೆಪ್ಟೆಂಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಈ ಊರಿಗೆ ಬರಬೇಕಿತ್ತು. ಸುತ್ತಲಿನ ಊರುಗಳಿಂದ ಜನ ಬಂದು ಗುಡಾರ ಹಾಕಿಕೊಂಡು ಕಾದಿದ್ದರು. ಮಂಜು ಕವಿದು ವಿಮಾನ ಇಳಿಯಲೇ ಇಲ್ಲ, ಯೆಲ್ಲೋನೈಫ್‌ಗೆ ಹೋಯಿತು. ಅವರು ಮತ್ತೆ ಬಂದದ್ದು 1987ರ ಸೆಪ್ಟೆಂಬರ್ 20ರಂದು. ಪೋಪ್‌ಗೇ ಮೂರು ವರ್ಷ ಕಾಯಿಸಿದ ಊರಲ್ಲಿ ನಾನು ಒಂದೂವರೆ ದಿನ ಮೋಡ ನೋಡುತ್ತ ಕೂತದ್ದು ದೊಡ್ಡದೇನಲ್ಲ. ಈಗ ಮಂಜಿನ ಜೊತೆ ಕಾಳ್ಗಿಚ್ಚಿನ ಹೊಗೆಯೂ ಸೇರಿದೆ. 2023ರ ಆಗಸ್ಟ್‌ನಲ್ಲಿ ಯೆಲ್ಲೋನೈಫ್ ಊರನ್ನೇ ಖಾಲಿ ಮಾಡಿಸಿದ್ದರು. ಜುಲೈ, ಆಗಸ್ಟ್‌ಗಿಂತ ಜೂನ್ ಕೊನೆ ವಾಸಿ, ಹೊಗೆ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಆಗ ರಾತ್ರಿ ಹನ್ನೊಂದಕ್ಕೂ ಬೆಳಕು, ಪೂರ್ತಿ ಕತ್ತಲಾಗುವುದೇ ಇಲ್ಲ. ಉತ್ತರದ ಬಣ್ಣದ ಬೆಳಕು ಬೇಕು ಅಂದರೆ ಮಾತ್ರ ಆಗಸ್ಟ್ ಕೊನೆಗೆ ಹೋಗಿ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಡೆನೆ ಸಂಸ್ಕೃತಿ 'ನೋಡುವುದು' ಅಂದಿರಲ್ಲ, ಅಲ್ಲಿ ಒಂದು ಮಾತು. ಸಂಜೆ ಆರಕ್ಕೆ ಟಿಕೆಟ್ ಕೊಟ್ಟು ಕೂತು ನೋಡುವ ಷೋ ಅಲ್ಲಿ ಇಲ್ಲ. ಸುಮಾರು 1,200 ಜನರ ಊರು, ಬಹುಪಾಲು ಡೆನೆ ಮತ್ತು ಮೇಟಿ (ಮೂಲನಿವಾಸಿ, ಯುರೋಪಿಯನ್ ಎರಡೂ ಮೂಲದ) ಜನ, ಅವರವರ ಕೆಲಸ ಅವರವರಿಗೆ. ಜೂನ್ 21ಕ್ಕೆ ಮೂಲನಿವಾಸಿಗಳ ದಿನ, ಅಲ್ಲಿ ಸರ್ಕಾರಿ ರಜೆ. ಆ ಹೊತ್ತಿಗೆ ಹೋದರೆ ಊರ ಊಟ, ಡ್ರಮ್ ನೃತ್ಯ ಸಿಗಬಹುದು. ತೆಳು ಚರ್ಮದ ಡ್ರಮ್ ಬಡಿಯುತ್ತ ಹಾಡುತ್ತಾರೆ, ಉಳಿದವರು ಸುತ್ತು ಹಾಕುತ್ತ ಕುಣಿಯುತ್ತಾರೆ, ಬನ್ನಿ ಅಂದರೆ ಸೇರಿಕೊಳ್ಳಿ, ಹೆಜ್ಜೆ ಕಷ್ಟ ಇಲ್ಲ. ಪ್ರಾರ್ಥನೆಯ ಹಾಡಿಗೆ ಮಾತ್ರ ಟೋಪಿ ತೆಗೆದು ಸುಮ್ಮನೆ ನಿಲ್ಲಬೇಕು. ಹ್ಯಾಂಡ್ ಗೇಮ್ ಕಂಡರೆ ಬಿಡಬೇಡಿ. ಒಂದು ತಂಡ ಕೈಯಲ್ಲಿ ಸಣ್ಣ ವಸ್ತು ಬಚ್ಚಿಡುತ್ತದೆ, ಎದುರಿನವನು ಬೆರಳ ಸನ್ನೆಯಲ್ಲೇ ಯಾರ ಯಾವ ಕೈ ಅಂತ ಹೇಳಬೇಕು, ಹಿಂದೆ ಡ್ರಮ್ ಜೋರು. ಚೌಕಾಬಾರ ಆಡಿದ ಅಮ್ಮಂದಿರಿಗೆ ಇದರ ಗಮ್ಮತ್ತು ಬೇಗ ಹತ್ತುತ್ತದೆ.

ಇಂಥದ್ದೇನೂ ಇಲ್ಲದ ವಾರವೇ ಹೋದಿರಿ ಅಂದುಕೊಳ್ಳಿ. ಆಗ ಕೈಕೆಲಸ ನೋಡಿ. ಬರ್ಚ್ ಮರದ ತೊಗಟೆಯ ಬುಟ್ಟಿ, ಅಂಚನ್ನು ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಮೇಲೆ ಬಣ್ಣ ಹಾಕಿದ ಮುಳ್ಳುಹಂದಿ ಮುಳ್ಳಿನ ಚಿತ್ತಾರ. ಮೂಸ್ ಎಂಬ ದೊಡ್ಡ ಜಿಂಕೆಯ ಚರ್ಮದ ಚಪ್ಪಲಿ, ಅದರ ಹೊಗೆ ವಾಸನೆ ವರ್ಷವಾದರೂ ಹೋಗುವುದಿಲ್ಲ. ಆ ಚರ್ಮ ಕೆರೆದು, ಅದೇ ಪ್ರಾಣಿಯ ಮಿದುಳಿನಿಂದ ಹದ ಮಾಡಿ, ಕೊಳೆತ ಮರದ ಹೊಗೆ ಹಾಕುವುದು ದಿನಗಟ್ಟಲೆ ಕೆಲಸ. ಬೆಲೆ ಕೇಳಿ ಹುಬ್ಬೇರಿಸಬೇಡಿ, ಚೌಕಾಸಿಯಂತೂ ಬೇಡವೇ ಬೇಡ.

ಇದೇ ಊರಲ್ಲಿ 1975ರ ಜುಲೈನಲ್ಲಿ ಡೆನೆ ಜನ ಸಭೆ ಸೇರಿ, ನಾವೇ ಒಂದು ರಾಷ್ಟ್ರ ಎಂದು ಘೋಷಿಸಿಕೊಂಡರು. ಅದರ ಹಿಂದಿರುವುದು 1921ರ ಹನ್ನೊಂದನೇ ಒಪ್ಪಂದ. ಜಮೀನು ಬಿಟ್ಟುಕೊಟ್ಟಿರಿ ಅಂತ ಸರ್ಕಾರ, ಸ್ನೇಹಕ್ಕೆ ಒಪ್ಪಿದೆವೇ ಹೊರತು ನೆಲ ಕೊಟ್ಟಿಲ್ಲ ಅಂತ ಹಿರಿಯರು. ನಹಾನಿಯ ಬೋರ್ಡಿನಲ್ಲಿ 'ನ್ಯಾಷನಲ್ ಪಾರ್ಕ್ ರಿಸರ್ವ್' ಅಂತ ಬರೆದಿರುವುದು ನೋಡುತ್ತೀರಿ. ಆ ರಿಸರ್ವ್ ಎಂಬ ಬಾಲ ಇರುವುದು ಈ ನೆಲದ ಲೆಕ್ಕ ಇನ್ನೂ ತೀರಿಲ್ಲ ಅಂತಲೇ. 1978ರಲ್ಲೇ ವಿಶ್ವ ಪರಂಪರೆಯ ಮೊದಲ ಪಟ್ಟಿಗೆ ಸೇರಿದ ಜಾಗ, 2009ರಲ್ಲಿ ಸುಮಾರು 30,000 ಚದರ ಕಿಲೋಮೀಟರ್‌ಗೆ ದೊಡ್ಡದಾಯಿತು, ಅಂದರೆ ಕರ್ನಾಟಕದ ಆರನೇ ಒಂದು ಪಾಲಿಗೆ ಹತ್ತಿರ. ಊರಲ್ಲಿ ಮಕ್ಕಳನ್ನು ಮನೆಯಿಂದ ಕರೆದೊಯ್ದು ಇಟ್ಟ ವಸತಿ ಶಾಲೆಗಳೂ ಇದ್ದವು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ಊಟ. ನೀವು ಸಸ್ಯಾಹಾರಿಗಳಾದರೆ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ ಎಲ್ಲ ಎಡ್ಮಂಟನ್‌ನಿಂದಲೇ ಒಯ್ಯಿರಿ. ಅಲ್ಲಿ ಅಂಗಡಿ ಇದೆ, ತರಕಾರಿ ದುಬಾರಿ. ಯಾರಾದರೂ ಬ್ಯಾನಕ್ ಎಂಬ ರೊಟ್ಟಿ ಕೊಟ್ಟರೆ ನಿಮಗೆ ಖುಷಿಯಾಗಬಹುದು, ಆದರೆ ಅದರಲ್ಲಿ ಹೆಚ್ಚಾಗಿ ಹಂದಿ ಕೊಬ್ಬು ಇರುತ್ತದೆ, ಕೇಳಿ ತಿನ್ನಿ. ಮಾಂಸ ತಿನ್ನುವವರು ಮೂಸ್‌ನ ಒಣಮಾಂಸ ಬೇಡ ಅನ್ನಬೇಡಿ. ಚಹಾ ಮಾತ್ರ ಎಲ್ಲರಿಗೂ ಒಗ್ಗುತ್ತದೆ. ಹಿರಿಯರನ್ನು ಕಾಣುವುದಿದ್ದರೆ ಒಂದು ಪೊಟ್ಟಣ ಚಹಾಪುಡಿ ಒಳ್ಳೆಯ ಉಡುಗೊರೆ. ಹೊರಡುವಾಗ 'ಮಾಸಿ ಚೋ' ಅನ್ನಿ. ಮಾಸಿ ಅಂದರೆ ಥ್ಯಾಂಕ್ಸ್, ಫ್ರೆಂಚ್‌ನಿಂದ ಬಂದ ಮಾತು. ಚೋ ನಿಮಗೆ ಗೊತ್ತೇ ಇದೆ.

ಅಪ್ಪ ಅಮ್ಮನ ವಿಮೆಯಲ್ಲಿ ವಿಮಾನದ ಆಂಬುಲೆನ್ಸ್ ಸೇರಿದೆಯಾ ಅಂತ ಓದಿ ನೋಡಿ. ಊರಲ್ಲಿ ಹೆಲ್ತ್ ಸೆಂಟರ್ ಇದೆ, ದೊಡ್ಡ ಆಸ್ಪತ್ರೆ ಇಲ್ಲ, ಗಂಭೀರವಾದರೆ ಯೆಲ್ಲೋನೈಫ್‌ಗೆ ಹಾರಿಸಬೇಕು. ಬಿಪಿ, ಶುಗರ್ ಮಾತ್ರೆ ಒಂದು ವಾರದ್ದು ಹೆಚ್ಚುವರಿ ಇರಲಿ. ಸೊಳ್ಳೆಗೆ ತಲೆ ಮೇಲಿಂದ ಹಾಕಿಕೊಳ್ಳುವ ಬಲೆ, ತಲಾ ಒಂದು. ನಗು ಬರುತ್ತದೆ, ಮೊದಲ ಹತ್ತು ನಿಮಿಷ ಮಾತ್ರ.

ಕೊನೆಗೆ ಒಂದು, ಅಮ್ಮನಿಗಾಗಿ. ಡೆನೆ ಜನ ನದಿಗೆ ಇಳಿಯುವ ಮುನ್ನ ಒಂದು ಚಿಟಿಕೆ ತಂಬಾಕು ನೀರಿಗೆ ಕೊಡುತ್ತಾರೆ. ಬೆಂಕಿಗೂ ಊಟದ ತುತ್ತು ಹಾಕುತ್ತಾರೆ, ಆಗ ಫೋನ್ ಒಳಗಿಡಿ. ತುಂಬಿದ ಹೊಳೆಗೆ ಬಾಗಿನ ಕೊಟ್ಟು ಗೊತ್ತಿರುವ ಅಮ್ಮನಿಗೆ ಇದನ್ನು ವಿವರಿಸುವ ಕೆಲಸ ನಿಮಗಿಲ್ಲ, ಅವರೇ ನಿಮಗೆ ಹೇಳುತ್ತಾರೆ. ತಾನೂ ಕೊಡುತ್ತೇನೆ ಅಂದರೆ ಜೊತೆಗಿರುವ ಡೆನೆಯವರನ್ನು ಕೇಳಿ, ಅವರು ತೋರಿಸಿದ ಹಾಗೆ ಮಾಡಲಿ. ಆದರೆ ಬ್ಯಾಗಿನಿಂದ ಅರಿಶಿನ, ಕುಂಕುಮ, ನಾಣ್ಯ, ಪ್ಲಾಸ್ಟಿಕ್ ಬಳೆ ಹೊರಗೆ ಬಂದರೆ ಮೆತ್ತಗೆ ವಾಪಸ್ ಒಳಗಿಡಿಸಿ.